ಚಾಕುವೋ, ಡೈನಮೈಟೋ?

ಬಟವಾಡಿ_ಹುಡುಗ: ನಿನ್ನೆ ರಾತ್ರಿ ಆರ್ಸನ್ ವೆಲ್ಸ್ ಅವರ 'ದಿ ಟ್ರಯಲ್' (1962) ನೋಡಿದೆ. ಅದಕ್ಕೆ ಆಧಾರವಾದ ಕಾಫ್ಕಾ ಕಾದಂಬರಿ ಮೊದಲೇ ಓದಿದ್ದೆ. ಒಂದು ಬೆಳಿಗ್ಗೆ ಕೆ. ಎಂಬ ಬ್ಯಾಂಕ್ ನೌಕರನ ಬಂಧನ ಆಗುತ್ತದೆ. ಯಾಕೆ ಅಂತ ಕೊನೆವರೆಗೂ ಯಾರೂ ಹೇಳುವುದಿಲ್ಲ. ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ಕೊನೆ ಕೆಡಿಸಿದ್ದಾರೆ. ಪುಸ್ತಕದಲ್ಲಿ ಇಬ್ಬರು ಅವನನ್ನು ಕಲ್ಲುಗಣಿಗೆ ಕರೆದೊಯ್ದು ಎದೆಗೆ ಚಾಕು ಹಾಕಿ ಎರಡು ಸಲ ತಿರುಗಿಸುತ್ತಾರೆ. 'ನಾಯಿ ಥರ' ಅಂತ ಹೇಳಿ ಸಾಯುತ್ತಾನೆ. ಸಿನಿಮಾದಲ್ಲಿ ಗುಂಡಿಯೊಳಗೆ ಡೈನಮೈಟ್ ಎಸೆಯುತ್ತಾರೆ, ಅವನು ಗಹಗಹಿಸಿ ನಗುತ್ತಾನೆ!

ನಿವೃತ್ತ_ಮೇಷ್ಟ್ರು: ಕೆಡಿಸಿಲ್ಲ ಕಣಪ್ಪಾ, ಬೇಕೆಂದೇ ಬದಲಿಸಿದ್ದು. ಕಾಫ್ಕಾ ತೀರಿಕೊಂಡದ್ದು 1924ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲು. ಲಕ್ಷಾಂತರ ಯಹೂದಿಗಳ ಕೊಲೆ ಆದ ಮೇಲೆ ಒಬ್ಬ ಸುಮ್ನೆ ಕುತ್ತಿಗೆ ಕೊಡುವುದನ್ನು ತೋರಿಸಲು ವೆಲ್ಸ್‌ಗೆ ಮನಸ್ಸಾಗಲಿಲ್ಲ. ನನ್ನ ತಕರಾರು ಬೇರೆ. ಬಾಗಿಲು ಕಾಯುವವನ ಕಥೆ (ಕಾನೂನಿನ ಬಾಗಿಲಲ್ಲಿ ಒಳಗೆ ಬಿಡಲಿ ಅಂತ ಒಬ್ಬ ಸಾಯುವವರೆಗೂ ಕಾಯುತ್ತಾನಲ್ಲ, ಅದು) ಪುಸ್ತಕದಲ್ಲಿ ಕೊನೆಕೊನೆಗೆ ಬರುತ್ತದೆ, ಪಾದ್ರಿಯ ಬಾಯಲ್ಲಿ. ಆಮೇಲೆ ಪಾದ್ರಿ, ಕೆ. ಇಬ್ಬರೂ ಅದರ ಅರ್ಥಕ್ಕೆ ಪುಟಗಟ್ಟಲೆ ಜಗಳ ಆಡುತ್ತಾರೆ. ನನಗೆ ಪ್ರಾಣ ಆ ಜಗಳ. ಸಿನಿಮಾ ಆ ಕಥೆಯನ್ನು ತಂದು ಮೊದಲಿಗೇ ಇಟ್ಟಿದೆ. ಊಟದ ಮುಂಚೆಯೇ ಎಲೆ ಅಡಿಕೆ ಕೊಟ್ಟ ಹಾಗೆ.

ಪುಶ್‌ಪುಲ್_ಪ್ಯಾಸೆಂಜರ್: ಸೆಟ್ ಹಾಕಲು ದುಡ್ಡಿಲ್ಲದೆ ಪ್ಯಾರಿಸ್‌ನ ಪಾಳು ಬಿದ್ದ ಓರ್ಸೆ ರೈಲು ನಿಲ್ದಾಣದಲ್ಲಿ ಎಷ್ಟೋ ಭಾಗ ತೆಗೆದರಂತೆ. 1986ರಿಂದ ಅದು ಮ್ಯೂಸಿಯಂ. ಸಂಜೆ ತುಮಕೂರು ಸ್ಟೇಷನ್‌ನಲ್ಲಿ ಗಾಡಿಗೆ ಕಾದು ಕಾದು ನನಗೂ ಹಾಗೇ ಅನಿಸಿದೆ: ಯಾರೋ ನಮ್ಮನ್ನು ಕಾಯಿಸುತ್ತಿದ್ದಾರೆ, ಯಾರು ಅಂತ ಗೊತ್ತಿಲ್ಲ.

ತಟ್ಟೆ_ಇಡ್ಲಿ: ಎಲ್ಲರೂ ಇದನ್ನು ಕನಸಿನಂಥ ಸಿನಿಮಾ ಅಂತಾರಲ್ಲ, ನಗು ಬರುತ್ತದೆ. ಅದರಲ್ಲಿ ಕೆ. ಭೇಟಿಯಾಗುವ ಚಿತ್ರಕಾರನ ಮಂಚದ ಹಿಂದಿನ ಬಾಗಿಲು ತೆಗೆದರೆ ಕೋರ್ಟು ಕಚೇರಿ ಸಿಗುತ್ತದೆ, ಅಲ್ವಾ? ಅಜ್ಜನ ಜೊತೆ ಜಮೀನಿನ ಖಾತೆ ಕೆಲಸಕ್ಕೆ ಇಲ್ಲೇ ಒಂದು ಕಚೇರಿಗೆ ಹೋಗಿದ್ದೆ. ರೆಕಾರ್ಡ್ ರೂಮಿಗೆ ದಾರಿ ಎಲ್ಲಿ ಅಂತ ಕೇಳಿದರೆ ಬೀರು ಪಕ್ಕದ ಸಂದಿ ತೋರಿಸಿದರು. ಅದರೊಳಗೆ ಸ್ಟೌ ಮೇಲೆ ಟೀ ಕುದಿಯುತ್ತಿತ್ತು. ಕೆಂಪು ದಾರದ ಕಡತಗಳ ಮೇಲೆ ಯಾರದೋ ಊಟದ ಡಬ್ಬಿ. ಅದನ್ನು ದಾಟಿದರೆ ಇನ್ನೊಂದು ಬಾಗಿಲು, ಅಲ್ಲೊಬ್ಬರು ತಲೆ ಎತ್ತದೆ 'ಇಲ್ಲಿ ಅಲ್ಲ' ಅಂದರು.

ಬಟವಾಡಿ_ಹುಡುಗ: ಹಾಗಾದರೆ ಕೊನೆ ಯಾವುದು ಸರಿ?

ತಟ್ಟೆ_ಇಡ್ಲಿ: ಎರಡೂ ಅಲ್ಲ. ಅಜ್ಜ ಕುತ್ತಿಗೆಯನ್ನೂ ಕೊಡಲಿಲ್ಲ, ನಗಲೂ ಇಲ್ಲ. ಕಾಗದಗಳನ್ನು ಮತ್ತೆ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ, ಕ್ಯಾತ್ಸಂದ್ರದಲ್ಲಿ ಇಡ್ಲಿ ತಿನ್ನೋಣ ಬಾ ಅಂದರು.

ನಿವೃತ್ತ_ಮೇಷ್ಟ್ರು: ಅದು ಚಾಕುವಿಗಿಂತ ಜಾಸ್ತಿ ಚುಚ್ಚುತ್ತದೆ. ಖಾತೆ ಆಯ್ತಾ?

ತಟ್ಟೆ_ಇಡ್ಲಿ: ಬುಧವಾರ ಬನ್ನಿ ಅಂದಿದ್ದಾರೆ ಸಾರ್. ಯಾವ ಬುಧವಾರ ಅಂತ ಹೇಳಿಲ್ಲ.