ಅಪ್‌ಡೇಟ್: ಡೆಡ್ ಸೆಲ್ಸ್ ಮೊದಲ ಬಾಸ್ ಕೊನೆಗೂ ಬಿದ್ದ

‘ಫೋನಲ್ಲಿ ಡೆಡ್ ಸೆಲ್ಸ್ ಗೇಮ್ ಆಡ್ತಿದ್ದೀನಿ, ಬ್ಲ್ಯಾಕ್ ಬ್ರಿಡ್ಜ್‌ನ ಕನ್ಸಿಯರ್ಜ್ ಅನ್ನೋ ಬಾಸ್ (ದೊಡ್ಡ ಶತ್ರು) ಹತ್ರ ಪ್ರತಿ ಸಲ ಸಾಯ್ತೀನಿ, ಏನು ಮಾಡ್ಲಿ?’ ಅಂತ ಕೇಳಿದ್ದೆ ಅಲ್ವಾ? ಮೊನ್ನೆ ರಾತ್ರಿ ಹೊಡೆದೆ!

ಎಲ್ಲಾ ಸ್ಕ್ರೋಲ್ (ಶಕ್ತಿ ಹೆಚ್ಚಿಸೋ ಸುರುಳಿ) ಒಂದೇ ಬಣ್ಣಕ್ಕೆ ಹಾಕಿ ಅಂದಿದ್ರಿ. ನನ್ನ ಕತ್ತಿಯ ಬಣ್ಣ ಕೆಂಪು, ಹಾಗಾಗಿ ಎಲ್ಲಾ ಕೆಂಪಿಗೇ ಹಾಕಿದೆ. ಏಟಿನ ತೂಕವೇ ಬೇರೆ ಆಯ್ತು. ಆದ್ರೆ ನಿಜವಾಗಿ ಗೆಲ್ಲಿಸಿದ್ದು ಗುರಾಣಿ. ಕನ್ಸಿಯರ್ಜ್ ಕೈ ಎತ್ತಿದ ಕೂಡಲೇ ಗುರಾಣಿ ಬಟನ್ ಒತ್ತಬಾರದು. ಏಟು ಇನ್ನೇನು ತಾಗಬೇಕು ಅನ್ನುವಾಗ ಒತ್ತಬೇಕು. ಆಗ ಪ್ಯಾರಿ ಆಗುತ್ತೆ, ಅಂದ್ರೆ ಅವನ ಏಟನ್ನ ಗುರಾಣಿ ತಡೆದು ತಳ್ಳುತ್ತೆ, ಎರಡು ಮೂರು ಏಟು ಹಾಕೋಕೆ ಜಾಗ ಸಿಗುತ್ತೆ. ಅವನು ಹಾರಿ ಮೇಲೆ ಬಿದ್ದಾಗ ಮಾತ್ರ ಉರುಳಿ ತಪ್ಪಿಸಿಕೊಂಡೆ.

ಇನ್ನೊಂದು, ಪೆಟ್ಟು ತಿಂದ ಮೇಲೆ ಹೆಲ್ತ್ ಬಾರ್‌ನಲ್ಲಿ ಕಿತ್ತಳೆ ಬಣ್ಣ ಉಳಿಯುತ್ತಲ್ಲ, ತಕ್ಷಣ ತಿರುಗಿ ಹೊಡೆದರೆ ಅಷ್ಟು ವಾಪಸ್ ಬರುತ್ತೆ. ಹೆದರಿ ಓಡೋರಿಗೆ ಈ ಆಟ ಅಲ್ಲ ಬಿಡಿ.

‘ಕಂಟ್ರೋಲರ್ ತಗೋ’ ಅಂದವರಿಗೆ: ತಗೊಂಡಿಲ್ಲ, ಸ್ಕ್ರೀನ್ ಮೇಲೇ ಒತ್ತಿ ಆಡ್ತೀನಿ. ಕಲಬುರಗಿ ಬಿಸಿಲಿಗೆ ಫೋನ್ ಹೆಂಚಿನ ಹಾಗೆ ಕಾಯುತ್ತೆ, ಬೆರಳು ಬೆವರಿ ಜಾರುತ್ತೆ. ಅದಕ್ಕೇ ರಾತ್ರಿ ಕೂಲರ್ ಮುಂದೆ ಕೂತು ಆಡಿದೆ.

ಗೆದ್ದ ಖುಷಿಯಲ್ಲಿ ಮುಂದಿನ ಲೆವೆಲ್‌ಗೆ ನುಗ್ಗಿದೆ, ಅಲ್ಲೇ ಸತ್ತೆ. ಸದ್ಯ, ಶತ್ರುಗಳಿಂದ ಸಿಕ್ಕ ಸೆಲ್ಸ್ ಎಲ್ಲಾ ಮೊದಲೇ, ಲೆವೆಲ್‌ಗಳ ನಡುವೆ ಸಿಗೋ ಕಲೆಕ್ಟರ್‌ಗೆ ಕೊಟ್ಟಿದ್ದೆ, ಇಲ್ಲಾಂದ್ರೆ ಸತ್ತಾಗ ಅವೂ ಹೋಗ್ತಿದ್ವು. ಈಗ ಹೇಳಿ, ಮುಂದೆ ಯಾವ ದಾರಿ ಸುಲಭ?