ಸಹಾಯ ಬೇಕು: ನನ್ನ ಗೇಮ್‌ನ ಎರಡನೇ ಲೆವೆಲ್‌ನಲ್ಲೇ ಎಲ್ಲರೂ ಕೈಬಿಡುತ್ತಿದ್ದಾರೆ

ನಮಸ್ಕಾರ. ನಾನು ಚಿಕ್ಕಮಗಳೂರಿನವನು. ಹಗಲು ಅಂಗಡಿ ಲೆಕ್ಕ, ರಾತ್ರಿ ಊಟ ಆದಮೇಲೆ ಗೋಡೋ ಎಂಜಿನ್‌ನಲ್ಲಿ ಗೇಮ್ ಮಾಡುವ ಹುಚ್ಚು. ಈಗಿನದು 2ಡಿ. ಮುಳ್ಳಯ್ಯನಗಿರಿ ಥರದ ಬೆಟ್ಟವನ್ನು ಒಬ್ಬ ಹುಡುಗ ಬಂಡೆಯಿಂದ ಬಂಡೆಗೆ ಹಾರುತ್ತಾ ಹತ್ತಬೇಕು.

ಕೋಡ್‌ನಲ್ಲಿ ತೊಂದರೆ ಇಲ್ಲ. ಎರಡನೇ ಲೆವೆಲ್‌ನಲ್ಲಿ ಮಂಜು ಕವಿದು ಮುಂದಿನ ಬಂಡೆ ಅರ್ಧ ಮಾತ್ರ ಕಾಣುತ್ತದೆ. ನನ್ನ ತಂಗಿ ಅಲ್ಲಿ ಹನ್ನೊಂದು ಸಲ ಬಿದ್ದು, "ಹೋಗಣ್ಣ, ನೀನೇ ಆಡ್ಕೊ" ಅಂತ ಫೋನ್ ವಾಪಸ್ ಕೊಟ್ಟಳು. ನಾನು ಮಾತ್ರ ಕಣ್ಣು ಮುಚ್ಚಿಕೊಂಡೇ ದಾಟುತ್ತೇನೆ. ಅದೇ ಎಡವಟ್ಟು ಅಲ್ವಾ!

ಅಂಚು ದಾಟಿದ ಮೇಲೂ 0.1 ಸೆಕೆಂಡ್, ಅಂದರೆ ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಲೆಕ್ಕದಲ್ಲಿ 6 ಫ್ರೇಮ್, ಹಾರಲು ಬಿಡುವ ಕೊಯೋಟಿ ಟೈಮ್ ಹಾಕಿದೆ. ಜಿಗಿತ ಹಿತವಾಯಿತು, ಬೀಳುವುದು ನಿಲ್ಲಲಿಲ್ಲ. ಬಂಡೆಗಳನ್ನು ಹತ್ತಿರ ತಂದೆ. ಗೆಳೆಯ "ಸಪ್ಪೆ ಆಯ್ತು ಮಾರಾಯ" ಅಂದ. ನೋಡಿದ ಟ್ಯುಟೋರಿಯಲ್‌ಗಳೆಲ್ಲ ಕೋಡ್ ಕಲಿಸುತ್ತವೆ, ಲೆವೆಲ್ ಕಟ್ಟುವುದನ್ನು ಹೇಳುವವರು ಕಡಿಮೆ.

ಲೆವೆಲ್ ಕಟ್ಟಿ ಅನುಭವ ಇರುವವರು ಹೇಳಿ: ಬಿದ್ದರೂ ನಷ್ಟವಿಲ್ಲದ ಜಾಗದಲ್ಲಿ ಮೊದಲು ಮಂಜನ್ನು ಪರಿಚಯಿಸಬೇಕಾ, ಅಥವಾ ಮಂಜನ್ನೇ ತೆಗೆದು ಲೆವೆಲ್ ಹೊಸದಾಗಿ ಕಟ್ಟಬೇಕಾ?