ಅಪ್‌ಡೇಟ್: ಗಾಲ್ಫ್ ಕ್ಲಬ್ಬಿನ ಗ್ರಿಪ್ (ಹಿಡಿ) ಕೆಳಗೆ ಹಿಡಿದು ಐರನ್ ಶಾಟ್ ದೂರ ಕಡಿಮೆ ಮಾಡುವುದು

7 ಐರನ್‌ಗೆ (ಐರನ್ ಅಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್, ನಂಬರ್ ಹೆಚ್ಚಾದಷ್ಟೂ ದೂರ ಕಡಿಮೆ) ಹತ್ತಿರ, 8 ಐರನ್‌ಗೆ ದೂರ ಅನ್ನುವ ಜಾಗದಿಂದ ಹೇಗೆ ಹೊಡೆಯಬೇಕು ಅಂತ ಕೇಳಿದ್ದೆ ಅಲ್ವಾ. ಸ್ವಿಂಗ್ ನಿಧಾನ ಮಾಡಬೇಡಿ, 7 ಐರನ್ನನ್ನೇ ಒಂದಿಂಚು ಕೆಳಗೆ ಹಿಡಿಯಿರಿ ಅಂದಿದ್ದಿರಿ. ನಿಜಕ್ಕೂ ಕೆಲಸ ಮಾಡುತ್ತಿದೆ, ತುಂಬಾ ಖುಷಿಯಾಗಿದೆ!

ಚೆಂಡು ಸುಮಾರು ಐದಾರು ಗಜ ಮೊದಲೇ ಬೀಳುತ್ತಿದೆ, ಸ್ವಲ್ಪ ತಗ್ಗಿ ಹೋಗುವುದರಿಂದ ಎದುರುಗಾಳಿಗೂ ಒಳ್ಳೆಯದು. ಕ್ಲಬ್ ಗಿಡ್ಡವಾದರೆ ಅದರ ತಲೆ ಸುತ್ತುವ ವೃತ್ತವೂ ಚಿಕ್ಕದಾಗುತ್ತದೆ, ಅದೇ ಲಯದಲ್ಲಿ ಬೀಸಿದರೂ ವೇಗ ಕಡಿಮೆ. ಗ್ರಿಪ್ ತುದಿಯ ರಬ್ಬರ್ ಎಡ ಅಂಗೈ ಆಚೆ ಒಂದಿಂಚು ಕಾಣಿಸಬೇಕು, ಅಷ್ಟೇ ಅಳತೆ. ಆದರೆ ಚೆಂಡಿಗೆ ಒಂಚೂರು ಹತ್ತಿರ ನಿಲ್ಲಲೇಬೇಕು, ಇಲ್ಲದಿದ್ದರೆ ಚೆಂಡಿನ ನೆತ್ತಿಗೆ ತಗಲುತ್ತದೆ, ಇದನ್ನು ಯಾರೂ ಬಿಡಬೇಡಿ.

ಇನ್ನೊಂದು ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಇಲ್ಲಿ ಚೆಂಡು ಮಂಗಳೂರಿಗಿಂತ ಜಾಸ್ತಿ ದೂರ ಹೋಗುತ್ತದೆ. ಹಾಗಾಗಿ ಸುಮ್ನೆ ಬೇರೆಯವರ ಗಜದ ಲೆಕ್ಕ ನಂಬುವ ಬದಲು ನಿಮ್ಮ ಅಭ್ಯಾಸದ ರೇಂಜಿನಲ್ಲೇ ಅಳೆದುಕೊಳ್ಳಿ. ಮುಂದೆ ವೆಜ್‌ನಲ್ಲೂ (ಹತ್ತಿರದ ಹೊಡೆತದ ಕ್ಲಬ್) ಇದನ್ನೇ ನೋಡುತ್ತೇನೆ.